ಕೊಲೆಸ್ಟ್ರಾಲ್ ಮಾತ್ರೆ: ಕೌಂಟರಿನಾಚೆಯಿಂದ ಪದೇ ಪದೇ ಬರುವ ಪ್ರಶ್ನೆಗಳು

ಉಡುಪಿಯ ಔಷಧಿ ಅಂಗಡಿಯೊಂದರಲ್ಲಿ ಕೌಂಟರಿನ ಹಿಂದೆ ನಿಂತು ಇಪ್ಪತ್ತು ವರ್ಷ ದಾಟಿತು. ಜ್ವರದ ಮಾತ್ರೆ ಕೊಂಡವರು ಏನನ್ನೂ ಕೇಳುವುದಿಲ್ಲ. ಕೊಲೆಸ್ಟ್ರಾಲಿನ ಮಾತ್ರೆ ಕೊಂಡವರು ಮಾತ್ರ ಚಿಲ್ಲರೆ ಕೈಗೆ ಬಂದ ಮೇಲೂ ನಿಂತೇ ಇರುತ್ತಾರೆ. ಮೈಯಲ್ಲಿ ನೋವಿಲ್ಲ, ಉರಿಯಿಲ್ಲ, ಸುಸ್ತಿಲ್ಲ. ಕಾಗದದ ಮೇಲಿನ ಒಂದು ಅಂಕಿಗಾಗಿ ದಿನವೂ ಗುಳಿಗೆ ನುಂಗು ಎಂದರೆ ಯಾರಿಗಾದರೂ ಅನುಮಾನ ಬರಬೇಕಾದದ್ದೇ. ಆ ಅನುಮಾನಗಳಿಗೆ ನಾನು ಕೊಡುತ್ತಾ ಬಂದ ಉತ್ತರಗಳು ಇಲ್ಲಿವೆ. ಮಾತ್ರೆ ಬರೆಯುವುದು, ಬದಲಿಸುವುದು, ನಿಲ್ಲಿಸುವುದು ವೈದ್ಯರ ಕೆಲಸ. ಅವರ ಎದುರು ಕುಳಿತಾಗ ಏನು ಕೇಳಬೇಕೆಂದು ತಿಳಿಯಲು ಇದು ನೆರವಾದರೆ ಸಾಕು.

ರಿಪೋರ್ಟ್ ನಾರ್ಮಲ್ ಬಂತು. ಇನ್ನು ಮಾತ್ರೆ ನಿಲ್ಲಿಸಬಹುದಲ್ಲವೇ?

ವಾರಕ್ಕೆ ನಾಲ್ಕು ಬಾರಿಯಾದರೂ ಬರುವ ಪ್ರಶ್ನೆ. ಆ ನಾರ್ಮಲ್ ಬಂದದ್ದೇ ಮಾತ್ರೆಯಿಂದ. ಮಳೆಗಾಲದಲ್ಲಿ ಒಳಗಿನ ನೆಲ ಒಣಗಿದೆ ಎಂದು ಮಾಡಿನ ಹಂಚು ಇಳಿಸುವವರನ್ನು ನಾನು ಕಂಡಿಲ್ಲ. ನಮ್ಮ ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಬಹುಪಾಲನ್ನು ತಯಾರಿಸುವುದು ದೇಹವೇ, ಅದರಲ್ಲೂ ಮುಖ್ಯವಾಗಿ ಯಕೃತ್ತು. ಮಾತ್ರೆ ಆ ತಯಾರಿಕೆಗೆ ಕಡಿವಾಣ ಹಾಕಿರುತ್ತದೆ. ಕಡಿವಾಣ ತೆಗೆದರೆ ಕೆಲವೇ ವಾರಗಳಲ್ಲಿ ಅಂಕಿ ಹಳೆಯ ಜಾಗಕ್ಕೆ ಮರಳುತ್ತದೆ. ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯು ಆದವರು ತಾವಾಗಿಯೇ ನಿಲ್ಲಿಸುವುದಂತೂ ಅಪಾಯವನ್ನು ಮನೆಗೆ ಕರೆದಂತೆ.

ಕೆಲವರಿಗೆ ಡೋಸ್ ಇಳಿಸಲು ಸಾಧ್ಯವಿದೆ. ಹತ್ತು ಕಿಲೋ ತೂಕ ಇಳಿಸಿದವರು, ಥೈರಾಯ್ಡ್ ಕೊರತೆಯಿಂದಲೇ ಕೊಲೆಸ್ಟ್ರಾಲ್ ಏರಿದ್ದು ಥೈರಾಯ್ಡ್ ಸರಿಪಡಿಸಿಕೊಂಡವರು ಅಂಥವರು. ಆದರೆ ಅದನ್ನು ನಿರ್ಧರಿಸುವುದು ವೈದ್ಯರು ಮತ್ತು ಮುಂದಿನ ರಕ್ತಪರೀಕ್ಷೆ. ಪಕ್ಕದ ಮನೆಯವರ ಅನುಭವವಲ್ಲ.

ನಮ್ಮ ಕಡೆ ಇನ್ನೊಂದು ಬಗೆಯ ನಿಲುಗಡೆ ಉಂಟು. ಮಳೆಗಾಲದಲ್ಲಿ ಡೆಂಗಿಯೋ ಇಲಿಜ್ವರವೋ ಬಂದು ಆಸ್ಪತ್ರೆ ಸೇರುತ್ತಾರೆ, ಯಕೃತ್ತಿನ ಅಂಕಿ ಏರಿದೆ ಎಂದು ವೈದ್ಯರು ಸ್ವಲ್ಪ ದಿನ ಈ ಮಾತ್ರೆ ಬೇಡ ಎನ್ನುತ್ತಾರೆ. ಜ್ವರ ಹೋಗುತ್ತದೆ, ದೀಪಾವಳಿ ಬರುತ್ತದೆ, ಮಾತ್ರೆ ಮಾತ್ರ ಮರಳಿ ಬರುವುದೇ ಇಲ್ಲ. ಡಿಸ್ಚಾರ್ಜ್ ದಿನವೇ ಕೇಳಿಬಿಡಿ: ಯಾವ ದಿನದಿಂದ ಮತ್ತೆ ಶುರು ಮಾಡಬೇಕು?

ಈ ಮಾತ್ರೆ ಒಳಗೆ ಹೋಗಿ ಮಾಡುವುದಾದರೂ ಏನು? ಕೊಬ್ಬನ್ನು ಕರಗಿಸುತ್ತದೆಯೇ?

ಕರಗಿಸುವುದಿಲ್ಲ. ಹೆಚ್ಚಿನವರಿಗೆ ಬರೆಯುವುದು ಸ್ಟ್ಯಾಟಿನ್ ಗುಂಪಿನ ಮಾತ್ರೆ: ಅಟೊರ್ವಾಸ್ಟ್ಯಾಟಿನ್ ಅಥವಾ ರೊಸುವಾಸ್ಟ್ಯಾಟಿನ್. ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಾಗಲು ಬೇಕಾದ ಒಂದು ಕಿಣ್ವವನ್ನು ಇದು ತಡೆಯುತ್ತದೆ. ತನ್ನ ಸಂಗ್ರಹ ಕಡಿಮೆಯಾಯಿತೆಂದು ಕಂಡ ಯಕೃತ್ತು ರಕ್ತದಲ್ಲಿ ಓಡಾಡುವ, ‘ಕೆಟ್ಟ’ ಕೊಲೆಸ್ಟ್ರಾಲನ್ನು ಹೊತ್ತ ಎಲ್‌ಡಿಎಲ್ ಕಣಗಳನ್ನು ಹಿಡಿಯುವ ಕೊಕ್ಕೆಗಳನ್ನು ಹೆಚ್ಚು ಹೆಚ್ಚಾಗಿ ಮೇಲ್ಮೈಗೆ ತರುತ್ತದೆ. ಹೀಗೆ ರಕ್ತ ತಿಳಿಯಾಗುತ್ತದೆ. ರಕ್ತನಾಳದ ಗೋಡೆಯಲ್ಲಿ ಈಗಾಗಲೇ ಕೂತ ಜಿಡ್ಡಿನ ಗಡ್ಡೆ ಪೂರ್ತಿ ಮಾಯವಾಗದಿದ್ದರೂ ಗಟ್ಟಿಯಾಗಿ, ಒಡೆಯುವ ಸಂಭವ ಕಡಿಮೆಯಾಗುತ್ತದೆ. ಹೃದಯಾಘಾತ ಆಗುವುದು ಸಾಮಾನ್ಯವಾಗಿ ಗಡ್ಡೆ ಒಡೆದು ಅಲ್ಲಿ ರಕ್ತ ಹೆಪ್ಪುಗಟ್ಟಿದಾಗ. ಆದ್ದರಿಂದ ಲಾಭ ಇರುವುದು ಅಲ್ಲಿ.

ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಸಾವಿರಾರು ಬಗೆಯ ಶಿಲೀಂಧ್ರಗಳನ್ನು ಜಾಲಾಡಿ ಈ ಗುಂಪಿನ ಮೊದಲ ವಸ್ತುವನ್ನು ಕಂಡುಕೊಂಡರು. ಅದು ಸಿಕ್ಕಿದ್ದು ನೀಲಿಹಸಿರು ಪೆನಿಸಿಲಿಯಂ ಬೂಷ್ಟಿನಲ್ಲಿ, ಅಂದರೆ ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಮನೆಯ ಬ್ರೆಡ್ಡಿಗೆ ಹಿಡಿಯುವುದರ ನೆಂಟನಲ್ಲಿ. ಮೊದಲ ಸ್ಟ್ಯಾಟಿನ್ ಮಾತ್ರೆ ಅಮೆರಿಕದಲ್ಲಿ ಮಾರಾಟಕ್ಕೆ ಒಪ್ಪಿಗೆ ಪಡೆದದ್ದು 1987ರಲ್ಲಿ. ‘ಹೊಸ ಔಷಧಿ, ಏನಾಗುತ್ತದೋ’ ಎಂಬ ಭಯಕ್ಕೆ ಈಗ ಹೆಚ್ಚು ಆಧಾರವಿಲ್ಲ.

ರಿಪೋರ್ಟಿನಲ್ಲಿ ನಾಲ್ಕೈದು ಸಾಲುಗಳಿವೆ. ಯಾವುದನ್ನು ನೋಡಬೇಕು?

ಜನ ನೋಡುವುದು ಮೊದಲ ಸಾಲನ್ನು, ಅಂದರೆ ಒಟ್ಟು ಕೊಲೆಸ್ಟ್ರಾಲ್. ವೈದ್ಯರು ನೋಡುವುದು ಎಲ್‌ಡಿಎಲ್ ಸಾಲನ್ನು. ಅದರ ಗುರಿ ಎಲ್ಲರಿಗೂ ಒಂದೇ ಅಲ್ಲ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅಪಾಯ ಕಡಿಮೆ ಇರುವವರಿಗೆ ಎಲ್‌ಡಿಎಲ್ 100ಕ್ಕಿಂತ ಕೆಳಗೆ, ಹೆಚ್ಚು ಇರುವವರಿಗೆ 70ಕ್ಕಿಂತ ಕೆಳಗೆ, ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಂಥ ಅತಿ ಹೆಚ್ಚು ಅಪಾಯದವರಿಗೆ 55ಕ್ಕಿಂತ ಕೆಳಗೆ ಇರಬೇಕು. ಲ್ಯಾಬಿನವರು ಬದಿಯಲ್ಲಿ ಅಚ್ಚು ಹಾಕಿದ ‘ನಾರ್ಮಲ್’ ಮಿತಿಗೆ ನಿಮ್ಮ ಸ್ಟೆಂಟ್ ಗೊತ್ತಿರುವುದಿಲ್ಲ. 95 ಎಂಬ ಒಂದೇ ಅಂಕಿ ಮಗನಿಗೆ ನೆಮ್ಮದಿ, ಅಪ್ಪನಿಗೆ ಡೋಸ್ ಏರಿಸಲು ಕಾರಣ.

ಎಲ್‌ಡಿಎಲ್‌ ಅನ್ನು ಅನೇಕ ಲ್ಯಾಬುಗಳು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ. ಒಟ್ಟು ಕೊಲೆಸ್ಟ್ರಾಲಿನಿಂದ ‘ಒಳ್ಳೆಯ’ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಕಳೆಯಿರಿ, ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯಿರಿ. ಒಟ್ಟು 240, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 200 ಇದ್ದರೆ ಎಲ್‌ಡಿಎಲ್ 160. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ಕೈಕೊಡುತ್ತದೆ, ನೇರ ಅಳತೆ ಬೇಕು.

ಖಾಲಿ ಹೊಟ್ಟೆ ಕಡ್ಡಾಯವೇ ಎಂದೂ ಕೇಳುತ್ತಾರೆ. ಸಾಮಾನ್ಯ ತಪಾಸಣೆಗೆ ಈಗ ಕಡ್ಡಾಯವಲ್ಲ. ಟ್ರೈಗ್ಲಿಸರೈಡ್ ಜಾಸ್ತಿ ಇರುವವರು ಮಾತ್ರ ಹತ್ತು ಹನ್ನೆರಡು ಗಂಟೆ ಉಪವಾಸವಿದ್ದು ಕೊಡುವುದು ಒಳ್ಳೆಯದು. ಹಿಂದಿನ ರಾತ್ರಿ ಮೆಹಂದಿ ಮನೆಯಲ್ಲಿ ಕೋರಿ ರೊಟ್ಟಿಯ ಜತೆ ನಾಲ್ಕು ಪೆಗ್ ಇಳಿಸಿ ಬೆಳಗ್ಗೆ ಏಳಕ್ಕೆ ಲ್ಯಾಬಿಗೆ ಹೋದರೆ ರಿಪೋರ್ಟು ಮದುವೆಯ ಸುದ್ದಿಯನ್ನೇ ಹೇಳುತ್ತದೆ.

ಸ್ಟ್ರಿಪ್ಪಿನ ಮೇಲೆ ‘ಕ್ಯಾಲ್ಸಿಯಂ’ ಎಂದಿದೆ. ಎಲುಬಿನ ಮಾತ್ರೆ ಕೊಟ್ಟಿದ್ದೀರಾ?

ಇಲ್ಲ. ಅಟೊರ್ವಾಸ್ಟ್ಯಾಟಿನ್ ಕ್ಯಾಲ್ಸಿಯಂ, ರೊಸುವಾಸ್ಟ್ಯಾಟಿನ್ ಕ್ಯಾಲ್ಸಿಯಂ ಎಂದರೆ ಔಷಧಿಯನ್ನು ಲವಣದ ರೂಪದಲ್ಲಿ ತಯಾರಿಸಿದ್ದಾರೆ ಎಂದಷ್ಟೇ ಅರ್ಥ. ಅದರಲ್ಲಿರುವ ಕ್ಯಾಲ್ಸಿಯಂ ಎಲುಬಿಗೆ ಲೆಕ್ಕಕ್ಕೇ ಇಲ್ಲ. ಇದನ್ನು ಓದಿ ‘ಕ್ಯಾಲ್ಸಿಯಂ ಈಗಾಗಲೇ ತೆಗೆದುಕೊಳ್ಳುತ್ತಿದ್ದೇನೆ’ ಎಂದು ಕೊಲೆಸ್ಟ್ರಾಲ್ ಮಾತ್ರೆಯನ್ನು ಬದಿಗಿಟ್ಟವರಿದ್ದಾರೆ.

ಮಗ ದುಬಾಯಿಯಿಂದ ಒಳ್ಳೆಯ ಕಂಪೆನಿಯ ಮಾತ್ರೆ ತಂದಿದ್ದಾನೆ. ಅದನ್ನೂ ತೆಗೆದುಕೊಳ್ಳಲೇ?

ಆ ‘ಅದನ್ನೂ’ ಎಂಬ ಮಾತಿನಲ್ಲೇ ಅಪಾಯವಿದೆ. ಕೊಲ್ಲಿ ದೇಶಗಳಿಂದ ಬರುವ ಲಿಪಿಟರ್ ಎಂದರೆ ಅಟೊರ್ವಾಸ್ಟ್ಯಾಟಿನ್, ಕ್ರೆಸ್ಟರ್ ಎಂದರೆ ರೊಸುವಾಸ್ಟ್ಯಾಟಿನ್. ಇಲ್ಲಿ ಬೇರೆ ಹೆಸರಿನಲ್ಲಿ ನೀವು ತಿನ್ನುತ್ತಿರುವುದೂ ಅದೇ ಇರಬಹುದು. ಕಾಪು ಕಡೆಯ ಹಿರಿಯರೊಬ್ಬರು ತೊಡೆ ನೋವೆಂದು ಮುಲಾಮು ಕೇಳಲು ಬಂದಿದ್ದರು. ಮಾತಿಗೆ ಮಾತು ಬೆಳೆದು ಚೀಲ ಬಿಚ್ಚಿಸಿದಾಗ ಕಂಡದ್ದು ಬೆಳಗ್ಗೆ ಮಗ ತಂದ ರೊಸುವಾಸ್ಟ್ಯಾಟಿನ್ 20, ರಾತ್ರಿ ನಮ್ಮದೇ ಅಂಗಡಿಯ ರೊಸುವಾಸ್ಟ್ಯಾಟಿನ್ 10. ಆರು ತಿಂಗಳಿಂದ ಕೊಡುತ್ತಿದ್ದವನು ನಾನೇ; ಒಮ್ಮೆಯೂ ‘ಬೇರೆ ಏನು ತೆಗೆದುಕೊಳ್ಳುತ್ತೀರಿ’ ಎಂದು ಕೇಳಿರಲಿಲ್ಲ. ಈಗ ಎಲ್ಲರನ್ನೂ ಕೇಳುತ್ತೇನೆ, ಕೆಲವರಿಗೆ ಕಿರಿಕಿರಿಯಾದರೂ.

ಇದರ ತದ್ವಿರುದ್ಧ ಅಡಚಣೆ ಒಂದೇ ಕ್ಯಾಪ್ಸೂಲಿನಲ್ಲಿ ಎರಡು ಔಷಧಿ ಇದ್ದಾಗ ಬರುತ್ತದೆ. ಇಕೋಸ್ಪ್ರಿನ್ ಎವಿ ಎಂಬುದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಆಸ್ಪಿರಿನ್ ಮತ್ತು ಅಟೊರ್ವಾಸ್ಟ್ಯಾಟಿನ್ ಎರಡೂ ಇವೆ. ಹಲ್ಲು ಕೀಳಿಸಲೆಂದು ಅದನ್ನು ನಿಲ್ಲಿಸಿದರೆ ಕೊಲೆಸ್ಟ್ರಾಲ್ ಮಾತ್ರೆಯೂ ನಿಂತಂತೆ. ಹೃದಯದ ವೈದ್ಯರನ್ನು ಕೇಳದೆ ಆಸ್ಪಿರಿನ್ ನಿಲ್ಲಿಸುವುದೇ ಸರಿಯಲ್ಲ ಎಂಬುದು ಬೇರೆ ಮಾತು.

ಈ ಮಾತ್ರೆ ಶುರು ಮಾಡಿದ ಮೇಲೆ ಮೈಕೈ ನೋವು. ಇದರಿಂದಲೇ ಅಲ್ಲವೇ?

ಇರಬಹುದು, ಇಲ್ಲದಿರಲೂಬಹುದು. ಸ್ಟ್ಯಾಟಿನ್‌ನಿಂದ ಬರುವ ನೋವು ಸಾಮಾನ್ಯವಾಗಿ ಎರಡೂ ಬದಿಗೆ ಸಮನಾಗಿರುತ್ತದೆ. ತೊಡೆ, ಸೊಂಟದ ಬದಿ, ಭುಜದಂಥ ದೊಡ್ಡ ಸ್ನಾಯುಗಳಲ್ಲಿ, ಮಾತ್ರೆ ಶುರುವಾದ ಅಥವಾ ಡೋಸ್ ಏರಿದ ಕೆಲವು ವಾರಗಳಲ್ಲಿ ಕಾಣಿಸುತ್ತದೆ. ಮೆಟ್ಟಿಲು ಹತ್ತುವಾಗ ಬಲಗಾಲಿನ ಮಂಡಿ ಮಾತ್ರ ಕಟಕಟ ಎಂದರೆ ಅದು ಮಂಡಿಯ ಸವೆತ. ಚಿಕೂನ್‌ಗುನ್ಯಾ ಬಂದುಹೋದವರ ಗಂಟುನೋವಿಗೂ ಈ ಮಾತ್ರೆಯನ್ನು ದೂರುವಂತಿಲ್ಲ.

2020ರಲ್ಲಿ ಪ್ರಕಟವಾದ ಒಂದು ಇಂಗ್ಲಿಷ್ ಅಧ್ಯಯನ ನನಗೆ ಬಹಳ ಹಿಡಿಸಿತು. ನೋವೆಂದು ಸ್ಟ್ಯಾಟಿನ್ ಬಿಟ್ಟವರಿಗೇ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ನೋಡಲು ಹಾಗೇ ಇರುವ ಹುಸಿಮಾತ್ರೆ, ಕೆಲವು ತಿಂಗಳು ಏನೂ ಇಲ್ಲದೆ ಇರಿಸಿದರು. ಸ್ಟ್ಯಾಟಿನ್ ತಿಂದಾಗ ಆದ ತೊಂದರೆಯ ಸುಮಾರು ಶೇ. 90 ಭಾಗ ಹುಸಿಮಾತ್ರೆ ತಿಂದಾಗಲೂ ಆಗಿತ್ತು. ನೋವು ಸುಳ್ಳೆಂದು ಇದರ ಅರ್ಥವಲ್ಲ. ನೋವು ನಿಜ, ಅದಕ್ಕೆ ಕಾರಣ ಮಾತ್ರೆಯೊಳಗಿನ ರಾಸಾಯನಿಕಕ್ಕಿಂತ ಮಾತ್ರೆಯ ಭಯ.

ನಿಜವಾಗಿಯೂ ಮಾತ್ರೆಯಿಂದಲೇ ನೋವಾದರೆ ದಾರಿಗಳಿವೆ. ವೈದ್ಯರು ಡೋಸ್ ಇಳಿಸುತ್ತಾರೆ, ಬೇರೆ ಸ್ಟ್ಯಾಟಿನ್ ಕೊಡುತ್ತಾರೆ, ಕೆಲವೊಮ್ಮೆ ದಿನ ಬಿಟ್ಟು ದಿನ ಕೊಡುತ್ತಾರೆ. ಆದರೆ ಸ್ನಾಯುಗಳು ತೀರಾ ಸೋತು, ಮೂತ್ರ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ಇದು ಬಹಳ ಅಪರೂಪ; ಅಪರೂಪವೆಂದು ಕಾಯುವಂತಿಲ್ಲ.

ಲಿವರ್ ಹಾಳಾಗುತ್ತದೆ, ಶುಗರ್ ಬರುತ್ತದೆ ಎನ್ನುತ್ತಾರಲ್ಲ?

ಯಕೃತ್ತಿನ ಕಿಣ್ವಗಳು ಕೆಲವರಲ್ಲಿ ತುಸು ಏರುತ್ತವೆ, ಹೆಚ್ಚಾಗಿ ತಾನಾಗಿ ಇಳಿಯುತ್ತವೆ. ಮಿತಿಯ ಮೂರು ಪಟ್ಟು ದಾಟಿದರೆ ವೈದ್ಯರು ಮರುಯೋಚನೆ ಮಾಡುತ್ತಾರೆ. ‘ಫ್ಯಾಟಿ ಲಿವರ್’ ಇದೆ ಎಂಬುದು ಸ್ಟ್ಯಾಟಿನ್ ಬೇಡವೆನ್ನಲು ಕಾರಣವಲ್ಲ. ಅಂಥವರಿಗೆ ಹೃದಯದ ಅಪಾಯ ಹೆಚ್ಚಿರುವುದರಿಂದ ಬೇಕಾಗುವುದೇ ಹೆಚ್ಚು.

ಶುಗರ್ ಮಾತು ಸ್ವಲ್ಪ ನಿಜ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2010ರ ವಿಶ್ಲೇಷಣೆಯಲ್ಲಿ 255 ಜನ ನಾಲ್ಕು ವರ್ಷ ಸ್ಟ್ಯಾಟಿನ್ ತೆಗೆದುಕೊಂಡಾಗ ಒಬ್ಬರಿಗೆ ಹೆಚ್ಚುವರಿಯಾಗಿ ಮಧುಮೇಹ ಕಂಡಿತು. ಅದೂ ಬಹುತೇಕ ಶುಗರ್ ಗಡಿಯಲ್ಲಿ ನಿಂತಿದ್ದವರಿಗೆ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವುದು ಇದು: ಎಲ್‌ಡಿಎಲ್ ಸುಮಾರು 39 ಅಂಕ ಇಳಿದಾಗಲೆಲ್ಲ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಘಟನೆಗಳು ಐದರಲ್ಲಿ ಒಂದರಷ್ಟು ತಗ್ಗುತ್ತವೆ. ಮಧುಮೇಹ ಇರುವವರಿಗೂ ವೈದ್ಯರು ಇದನ್ನೇ ಬರೆಯುವುದು ಆ ತಟ್ಟೆ ಭಾರವೆಂದು.

ಬೇರೆ ಯಾವ ಔಷಧಿಯ ಜತೆ ಇದು ಹೊಂದುವುದಿಲ್ಲ?

ಕರಾವಳಿಯವರು ನೆನಪಿಡಬೇಕಾದ ಮೊದಲ ಹೆಸರು ಇಟ್ರಾಕೊನಜೋಲ್. ಬೆವರು, ಸೆಕೆ, ಒಣಗದ ಬಟ್ಟೆ. ತೊಡೆಸಂದಿಯ ಗಜಕರ್ಣ ಇಲ್ಲಿ ಮನೆಮನೆಯ ಕತೆ. ಅದಕ್ಕೆ ಬರೆಯುವ ಈ ಕ್ಯಾಪ್ಸೂಲು ಅಟೊರ್ವಾಸ್ಟ್ಯಾಟಿನ್‌ ರಕ್ತದಲ್ಲಿ ಹೆಚ್ಚು ಉಳಿಯುವಂತೆ ಮಾಡುತ್ತದೆ. ಸಿಮ್ವಾಸ್ಟ್ಯಾಟಿನ್ ಜತೆ ಸೇರಿಸಲೇಬಾರದು. ಚರ್ಮದ ವೈದ್ಯರಿಗೆ ಕೊಲೆಸ್ಟ್ರಾಲ್ ಮಾತ್ರೆಯ ವಿಷಯ ಹೇಳಲು ಯಾರಿಗೂ ಹೊಳೆಯುವುದಿಲ್ಲ, ಸಂಬಂಧವೇ ಇಲ್ಲವೆಂದು ಕಾಣುತ್ತದೆ. ಹೇಳಿ. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ಕಿಗೂ ಇದೇ ಮಾತು. ರೊಸುವಾಸ್ಟ್ಯಾಟಿನ್ ತೆಗೆದುಕೊಳ್ಳುವವರು ಗ್ಯಾಸ್ಟ್ರಿಕ್‌ಗೆ ಕುಡಿಯುವ ಗುಲಾಬಿ ಅಥವಾ ಬಿಳಿ ಸಿರಪ್ಪನ್ನು ಮಾತ್ರೆಯಾದ ಎರಡು ಗಂಟೆಯ ನಂತರ ಕುಡಿಯಲಿ.

ನನಗೆ ಎಲ್‌ಡಿಎಲ್ ಸರಿ ಇದೆ, ಟ್ರೈಗ್ಲಿಸರೈಡ್ ಮಾತ್ರ ಜಾಸ್ತಿ. ಅದಕ್ಕೂ ಮಾತ್ರೆ ಬೇಕೇ?

ಎಷ್ಟು ಜಾಸ್ತಿ ಎಂಬುದರ ಮೇಲೆ ಹೋಗುತ್ತದೆ. 150ರ ಒಳಗೆ ಇರಬೇಕು. 150ರಿಂದ 500ರವರೆಗೆ ಇದ್ದವರಿಗೆ ಮೊದಲ ಮದ್ದು ಅಡುಗೆಮನೆಯಲ್ಲೂ ಗ್ಲಾಸಿನಲ್ಲೂ ಇದೆ. ಟ್ರೈಗ್ಲಿಸರೈಡ್ ಏರಿಸುವುದು ಎಣ್ಣೆಗಿಂತ ಹೆಚ್ಚಾಗಿ ಸಕ್ಕರೆ, ಬೆಳ್ಳಗಿನ ಹಿಟ್ಟು, ರಾಶಿ ಅನ್ನ, ಮದ್ಯ ಮತ್ತು ಹಿಡಿತ ತಪ್ಪಿದ ಶುಗರ್. ಸಂಜೆ ಬನ್ಸ್, ಗೋಳಿಬಜೆ, ಸಿಹಿ ಚಹಾ. ರಾತ್ರಿ ಎರಡು ಪೆಗ್. ಇದನ್ನು ಎರಡು ತಿಂಗಳು ಬದಲಿಸಿ ಮತ್ತೆ ಪರೀಕ್ಷೆ ಮಾಡಿಸಿದವರಲ್ಲಿ ಅಂಕಿ ಅರ್ಧಕ್ಕೆ ಇಳಿದದ್ದನ್ನು ಕಂಡಿದ್ದೇನೆ. ಜತೆಗೆ ಹೃದಯದ ಅಪಾಯವಿದ್ದರೆ ವೈದ್ಯರು ಇಲ್ಲಿಯೂ ಮೊದಲು ಕೊಡುವುದು ಸ್ಟ್ಯಾಟಿನ್ ಅನ್ನೇ.

500 ದಾಟಿದರೆ ಕತೆ ಬೇರೆ. ಆಗ ಭಯ ಹೃದಯಕ್ಕಿಂತ ಮೊದಲು ಮೇದೋಜೀರಕ ಗ್ರಂಥಿಯದ್ದು. ಸಾವಿರ ದಾಟಿದರೆ ಅದು ಊದಿಕೊಳ್ಳುವ ಅಪಾಯ ದೊಡ್ಡದು. ಮೇಲ್ಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಹಾಯುವ ತಡೆಯಲಾರದ ನೋವು, ವಾಂತಿ ಬಂದಾಗ ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿಯುತ್ತಾ ಮನೆಯಲ್ಲಿ ಕೂರಬೇಡಿ. ಇಷ್ಟು ಏರಿದವರಿಗೆ ಫೆನೊಫೈಬ್ರೇಟ್ ಬರೆಯುತ್ತಾರೆ. ಟ್ರೈಗ್ಲಿಸರೈಡನ್ನು ಶೇ. 30ರಿಂದ 50ರಷ್ಟು ಇಳಿಸುತ್ತದೆ. ಊಟದ ಜತೆ ತೆಗೆದುಕೊಳ್ಳಬೇಕು, ಮೂತ್ರಪಿಂಡದ ಪರೀಕ್ಷೆಯ ಮೇಲೆ ಕಣ್ಣಿಡಬೇಕು. ಅದೇ ಗುಂಪಿನ ಜೆಮ್‌ಫೈಬ್ರೊಜಿಲ್ ಅನ್ನು ಸ್ಟ್ಯಾಟಿನ್ ಜತೆ ಸೇರಿಸುವುದಿಲ್ಲ, ಸ್ನಾಯುಗಳಿಗೆ ಹಾನಿ. ಆದರೆ ಟ್ರೈಗ್ಲಿಸರೈಡ್ ಇಳಿಸಿದ ಮಾತ್ರಕ್ಕೆ ಹೃದಯಾಘಾತ ತಪ್ಪುತ್ತದೆ ಎಂದು ದೊಡ್ಡ ಪ್ರಯೋಗಗಳು ತೋರಿಸಿಲ್ಲ. ಸುಮ್ಮನೆ 220 ಇದ್ದವರಿಗೆ ಫೆನೊಫೈಬ್ರೇಟ್ ಸೇರಿಸಿದ ಚೀಟಿ ಬಂದರೆ ‘ಇದು ಯಾಕೆ, ಎಷ್ಟು ದಿನ’ ಎಂದು ಕೇಳಿ ಬನ್ನಿ ಎನ್ನುತ್ತೇನೆ.

ಮಧುಮೇಹದ ಜತೆ ಟ್ರೈಗ್ಲಿಸರೈಡ್ ಜಾಸ್ತಿ ಇರುವವರಿಗೆ ಸಾರೊಗ್ಲಿಟಜಾರ್ ಎಂಬ ಮಾತ್ರೆಯೂ ಇದೆ. ಅಹಮದಾಬಾದಿನ ಕಂಪೆನಿಯೊಂದು ಇಲ್ಲಿಯೇ ರೂಪಿಸಿದ್ದು, 2013ರಲ್ಲಿ ಒಪ್ಪಿಗೆ ಪಡೆದದ್ದು.

ಮೀನೆಣ್ಣೆ ಕ್ಯಾಪ್ಸೂಲು? ಮೀನು ತಿನ್ನುವ ನಮಗೆ ಅದು ಬೇಕೇ?

ಪ್ರಯೋಗದಲ್ಲಿ ಹೃದಯಕ್ಕೆ ಲಾಭ ತೋರಿಸಿದ್ದು ಶುದ್ಧೀಕರಿಸಿದ ಐಕೊಸಾಪೆಂಟ್ ಈಥೈಲ್, ದಿನಕ್ಕೆ 4 ಗ್ರಾಂ. ಅದು ವೈದ್ಯರು ಬರೆಯುವ ಔಷಧಿ. ಕೆಲವರಿಗೆ ಹೃದಯದ ಬಡಿತ ತಾಳತಪ್ಪುವ ತೊಂದರೆಯೂ ಇದೆ. ಕೌಂಟರಿನ ಮೇಲೆ ಹೊಳೆಯುವ ಸಾಮಾನ್ಯ ಸಾವಿರ ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ ಬೇಕಾದ ಒಮೆಗಾ-3 ಸುಮಾರು 300 ಮಿ.ಗ್ರಾಂ. ಮಾತ್ರ. ಮಾರಿದರೆ ನನಗೆ ಲಾಭ, ಆದರೂ ಹೇಳುತ್ತೇನೆ: ಆ ದುಡ್ಡಿಗೆ ಬೂತಾಯಿ, ಬಂಗುಡೆ ತನ್ನಿ. ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸದೆ ಪುಳಿಮುಂಚಿ ಮಾಡಿ. ಜೂನ್, ಜುಲೈ ಮೀನುಗಾರಿಕೆ ನಿಷೇಧದ ಎರಡು ತಿಂಗಳಿನಲ್ಲಿ ಮೀನಿಲ್ಲದಿದ್ದರೆ ಹೃದಯವೇನೂ ನಿಲ್ಲದು.

ತೆಂಗಿನೆಣ್ಣೆ ಬಿಡಲೇಬೇಕೇ? ನಮ್ಮ ಅಜ್ಜ ತೊಂಬತ್ತು ಬದುಕಿದ್ದರು.

ಈ ಪ್ರಶ್ನೆಗೆ ಉತ್ತರಿಸಿ ಗಿರಾಕಿಗಳನ್ನು ಕಳೆದುಕೊಂಡಿದ್ದೇನೆ. ತೆಂಗಿನೆಣ್ಣೆಯಲ್ಲಿ ಶೇ. 80ಕ್ಕಿಂತ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು. ಶೇಂಗಾ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ಇದು ಎಲ್‌ಡಿಎಲ್ ಏರಿಸುತ್ತದೆ, ಗಾಣದ್ದಾದರೂ. ಅಜ್ಜ ಗದ್ದೆಯಲ್ಲಿ ದುಡಿದರು, ಬಸ್ಸಿಗೆ ಮೂರು ಮೈಲಿ ನಡೆದರು, ಎಣ್ಣೆಯನ್ನು ಚಮಚದಲ್ಲಿ ಬಳಸಿದರು. ನಾವು ಬಾಣಲೆಯಲ್ಲಿ ಬಳಸುತ್ತೇವೆ. ಒಗ್ಗರಣೆಗೆ ಒಂದು ಚಮಚ ಇರಲಿ, ಕರಿಯುವುದನ್ನು ಕಡಿಮೆ ಮಾಡಿ. ತೆಂಗಿನಕಾಯಿ ಅರೆದ ಸಾಂಬಾರನ್ನು ಪೂರ್ತಿ ಬಿಡು ಎನ್ನುವ ಧೈರ್ಯ ನನಗಿಲ್ಲ, ಅಗತ್ಯವೂ ಇಲ್ಲ.

ಕೆಂಪು ಅಕ್ಕಿಯಿಂದ ಕೊಲೆಸ್ಟ್ರಾಲ್ ಇಳಿಯುತ್ತದೆ ಎಂದು ಮೊಬೈಲಿಗೆ ಬಂದಿತ್ತು. ನಮ್ಮ ಕುಚ್ಚಲಕ್ಕಿ ಅದೇ ಅಲ್ಲವೇ?

ಅಲ್ಲ! ಅದು ರೆಡ್ ಯೀಸ್ಟ್ ರೈಸ್. ಅಕ್ಕಿಯ ಮೇಲೆ ಒಂದು ಬಗೆಯ ಶಿಲೀಂಧ್ರ ಬೆಳೆಸಿ ಮಾಡಿದ ಚೀನೀ ಪದಾರ್ಥ. ಅದರೊಳಗಿರುವುದು ಲೊವಾಸ್ಟ್ಯಾಟಿನ್, ಅಂದರೆ ಮಾತ್ರೆಯೇ, ಆದರೆ ಎಷ್ಟಿದೆ ಎಂದು ತಿಳಿಯದ ಮಾತ್ರೆ. ಅಡ್ಡಪರಿಣಾಮವೂ ಅದರದ್ದೇ. ನಮ್ಮ ಕೆಂಪು ಕುಚ್ಚಲಕ್ಕಿಯಲ್ಲಿ ಅದು ಯಾವುದೂ ಇಲ್ಲ. ಗಂಜಿ ಊಟ ಹಿತ, ಮೂರು ಬಟ್ಟಲು ಉಂಡರೆ ಟ್ರೈಗ್ಲಿಸರೈಡ್ ಏರುತ್ತದೆ, ಅಷ್ಟೇ.

ಪುನರ್ಪುಳಿಯಿಂದ ಕೊಲೆಸ್ಟ್ರಾಲ್ ಇಳಿಯುತ್ತದೆಯೇ ಎಂದೂ ಕೇಳುತ್ತಾರೆ. ಸಾರು ಕುಡಿಯಿರಿ, ರುಚಿಗಾಗಿ. ಬಾಟಲಿಯ ಪುನರ್ಪುಳಿ ಶರಬತ್ತಿನಲ್ಲಿ ಹಣ್ಣಿಗಿಂತ ಸಕ್ಕರೆ ಹೆಚ್ಚು. ಆಟಿ ಅಮಾವಾಸ್ಯೆಯ ಹಾಲೆಮರದ ಕಷಾಯ ಆಚರಣೆ, ಕೊಲೆಸ್ಟ್ರಾಲಿನ ಚಿಕಿತ್ಸೆಯಲ್ಲ.

ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು? ಏಕಾದಶಿ, ರಂಜಾನ್ ದಿನಗಳಲ್ಲಿ?

ಸಿಮ್ವಾಸ್ಟ್ಯಾಟಿನ್ ರಾತ್ರಿಗೆ. ಅಟೊರ್ವಾ, ರೊಸುವಾ ದೇಹದಲ್ಲಿ ದೀರ್ಘಕಾಲ ಉಳಿಯುವುದರಿಂದ ಯಾವ ಹೊತ್ತಾದರೂ ಸರಿ, ದಿನವೂ ಒಂದೇ ಹೊತ್ತಿಗಿರಲಿ. ಖಾಲಿ ಹೊಟ್ಟೆಗೂ ನಡೆಯುತ್ತದೆ, ಹಾಗಾಗಿ ಏಕಾದಶಿಯ ನೀರಿನ ಜತೆ ನುಂಗಬಹುದು. ರಂಜಾನಿನಲ್ಲಿ ಇಫ್ತಾರಿನ ನಂತರ. ಯಕ್ಷಗಾನದ ಆಟ ನೋಡಿ ಬೆಳಗಿನ ಜಾವ ಮನೆಗೆ ಬಂದು ರಾತ್ರಿಯ ಮಾತ್ರೆ ನೆನಪಾದರೆ ಆಗಲೇ ತೆಗೆದುಕೊಳ್ಳಿ. ಮುಂದಿನ ಮಾತ್ರೆಯ ಹೊತ್ತೇ ಹತ್ತಿರವಾಗಿದ್ದರೆ ಬಿಟ್ಟುಬಿಡಿ. ಎರಡು ಒಟ್ಟಿಗೆ ಬೇಡ.

ಡೋಸ್ ಏರಿಸಿದರೂ ಇಳಿಯುತ್ತಿಲ್ಲ. ಮುಂದೇನು?

ಮೊದಲು ಪ್ರಾಮಾಣಿಕವಾಗಿ ಎಣಿಸಿ: ಮೂವತ್ತು ದಿನದ ಸ್ಟ್ರಿಪ್ಪು ಎಷ್ಟು ದಿನ ಬರುತ್ತಿದೆ? ನಲವತ್ತೈದು ದಿನ ಬರುತ್ತಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ಸ್ಟ್ಯಾಟಿನ್ ಡೋಸ್ ದುಪ್ಪಟ್ಟು ಮಾಡಿದರೆ ಹೆಚ್ಚುವರಿ ಇಳಿಕೆ ಸುಮಾರು ಶೇ. 6 ಮಾತ್ರ. ಆದ್ದರಿಂದ ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆ ತಡೆಯುವ ಎಜೆಟಿಮೈಬ್ 10 ಮಿ.ಗ್ರಾಂ. ಸೇರಿಸುತ್ತಾರೆ, ಶೇ. 20ರಷ್ಟು ಮತ್ತೆ ಇಳಿಯುತ್ತದೆ. ಬೆಂಪೆಡೊಯಿಕ್ ಆಮ್ಲದ ಮಾತ್ರೆಯೂ ಇದೆ, ಯೂರಿಕ್ ಆಮ್ಲ ಏರಿ ಗೌಟ್ ಇರುವವರು ಜಾಗ್ರತೆ. ಇನ್ನೂ ಬೇಕಾದರೆ ಚುಚ್ಚುಮದ್ದುಗಳಿವೆ: ಎರಡು ವಾರಕ್ಕೊಮ್ಮೆ ಇವೊಲೊಕ್ಯುಮ್ಯಾಬ್, ಅಥವಾ ಮೊದಲ ಎರಡು ಡೋಸಿನ ಬಳಿಕ ಆರು ತಿಂಗಳಿಗೊಮ್ಮೆ ಇನ್‌ಕ್ಲಿಸಿರಾನ್. ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ಹುಟ್ಟಿನಿಂದಲೇ ಎಲ್‌ಡಿಎಲ್ 190ರ ಮೇಲಿರುವ ಕುಟುಂಬಗಳಿಗೆ ಇವು ವರ. ಅಂಥವರ ಮಕ್ಕಳಿಗೂ ಪರೀಕ್ಷೆ ಆಗಬೇಕು.

ಜನೌಷಧಿ ಕೇಂದ್ರದ ಮಾತ್ರೆ ಕೆಲಸ ಮಾಡುತ್ತದೆಯೇ?

ಮಾಡುತ್ತದೆ. ನನ್ನ ವ್ಯಾಪಾರಕ್ಕೆ ಹೊಡೆತ, ಆದರೂ ಅದು ನಿಜ. ಹೆಸರೂ ಮಿಲಿಗ್ರಾಮೂ ಚೀಟಿಯಲ್ಲಿದ್ದಂತೆಯೇ ಇದೆಯೇ ನೋಡಿ. ದುಬಾರಿ ಎಂದು ತಿಂಗಳಲ್ಲಿ ಹತ್ತು ದಿನ ಬಿಡುವುದಕ್ಕಿಂತ ಅಗ್ಗದ್ದನ್ನು ಮೂವತ್ತು ದಿನ ತಿನ್ನುವುದು ಲೇಸು. ಮೂರು ತಿಂಗಳಾದ ಮೇಲೆ ರಕ್ತಪರೀಕ್ಷೆಯೇ ಸಾಕ್ಷಿ ಹೇಳುತ್ತದೆ.

ಮಗಳಿಗೆ ಮಾತ್ರೆ ಇದೆ, ಮದುವೆ ನಿಶ್ಚಯವಾಗಿದೆ.

ಗರ್ಭಧಾರಣೆಯ ಯೋಚನೆ ಇದ್ದರೆ ಮೊದಲೇ ವೈದ್ಯರನ್ನು ಕಾಣಲಿ. ಹೆಚ್ಚಿನವರಿಗೆ ಆ ಅವಧಿಯಲ್ಲಿ ಮತ್ತು ಎದೆಹಾಲು ಕೊಡುವಾಗ ಸ್ಟ್ಯಾಟಿನ್ ನಿಲ್ಲಿಸುತ್ತಾರೆ.

ಮಳೆಗಾಲದಲ್ಲಿ ಮಾತ್ರೆ ಮೆತ್ತಗಾಗುತ್ತದೆ. ತಿನ್ನಬಹುದೇ?

ಬೇಡ. ವಾರದ ಡಬ್ಬಿಗೆ ಬಿಡಿಸಿಟ್ಟ ಮಾತ್ರೆಗಳು ಜುಲೈ ತಿಂಗಳಿನ ಉಡುಪಿಯಲ್ಲಿ ಬೇಗ ತೇವ ಹೀರುತ್ತವೆ. ತಿನ್ನುವಾಗಲೇ ಸ್ಟ್ರಿಪ್ಪಿನಿಂದ ಬಿಡಿಸಿ. ಬಿಡಿಸುವಾಗ ಹೆಸರು ಮತ್ತು ದಿನಾಂಕ ಅಚ್ಚಾದ ಭಾಗವನ್ನು ಕೊನೆಯವರೆಗೆ ಉಳಿಸಿ. ತುಂಡಾದ ಸ್ಟ್ರಿಪ್ಪಿನಲ್ಲಿ ಬರೀ ಒಂದು ಗುಲಾಬಿ ಮಾತ್ರೆ ಹಿಡಿದು ‘ಇದೇ ಕೊಡಿ’ ಎಂದು ಬಂದವರನ್ನು ಮನೆಗೆ ಫೋನ್ ಮಾಡಿಸಿ, ಚೀಟಿಯ ಫೋಟೋ ತರಿಸಿಕೊಂಡ ಮೇಲೆಯೇ ಕಳಿಸುವುದು ನನ್ನ ರೂಢಿ.